ಕಡೇ ಹಿಟ್ಟಿನ ಸಾಲು

ನಮ್ಮ ಹೋಟೆಲಿಗೆ ಒಂದು ಕಟ್ಟಳೆ ಉಂಟು. ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ರುಬ್ಬಿದ ಹಿಟ್ಟು ಇರಬಾರದು. ನನ್ನ ಅತ್ತೆ ಮಾಡಿಟ್ಟು ಹೋದದ್ದು. ಜನ ಇಲ್ಲದ ಜಾಗದಲ್ಲಿ ಹಿಟ್ಟು ತನ್ನಷ್ಟಕ್ಕೆ ಹುಳಿ ಬರಬಾರದು ಎನ್ನುತ್ತಿದ್ದರು. ಇದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ಈಗ ಅತ್ತೆ ಇಲ್ಲ, ಕೇಳಬೇಕೆಂದು ಅನಿಸುವುದೂ ಇಲ್ಲ.

ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಐದು ದಿನ ಹೋಟೆಲು ಮುಚ್ಚುತ್ತೇವೆ. ಕುಂದಾಪುರದ ಕಡೆ ನಮ್ಮವರ ಮೂಲಮನೆಯಲ್ಲಿ ನಾಗನಿಗೆ ವರ್ಷದ ಪೂಜೆ, ತಂಬಿಲ, ಕೊಡುವುದಿರುತ್ತದೆ. ಅಡುಗೆಯವರು, ಬಡಿಸುವವರು ಎಲ್ಲ ಅದೇ ಆಸುಪಾಸಿನವರು, ಹಾಗಾಗಿ ಎಲ್ಲರೂ ಒಂದೇ ಬಸ್ಸಿನಲ್ಲಿ ಹೊರಡುತ್ತಾರೆ. ಹೊರಡುವ ದಿನ ಸಂಜೆಯ ಟಿಫಿನ್ ಮಾಡುವುದಿಲ್ಲ. ಉಳಿದ ಇಡ್ಲಿ ಹಿಟ್ಟು, ದೋಸೆ ಹಿಟ್ಟನ್ನು ದಿನಾ ಬರುವ ಗಿರಾಕಿಗಳಿಗೆ ಕೊಟ್ಟುಬಿಡುತ್ತೇವೆ. ಮಾರುವ ಹಾಗಿಲ್ಲ. ಅವರವರ ಪಾತ್ರೆ ಅವರವರೇ ತರಬೇಕು. ಹೋಟೆಲು ಮತ್ತೆ ತೆರೆದ ದಿನ ಅದೇ ಪಾತ್ರೆಯಲ್ಲಿ ಏನಾದರೂ ಹಾಕಿಕೊಂಡು ಬರಬೇಕು, ಬರಿ ಪಾತ್ರೆ ತರಬಾರದು. ಒಂದು ನಿಂಬೆಹಣ್ಣಾದರೂ ಆದೀತು, ಒಂದು ಮಾರು ಹೂವಾದರೂ ಆದೀತು. ಇದಕ್ಕೆ ನಾವು ಕಡೇ ಹಿಟ್ಟು ಎನ್ನುತ್ತೇವೆ. ಚೆನ್ನೈಯಲ್ಲಿ, ವಡಪಳನಿಯ ನಮ್ಮ ಬೀದಿಯಲ್ಲಿ ಕಡೇ ಹಿಟ್ಟು ಎಂದರೆ ಸಣ್ಣ ಹಬ್ಬ.

ಆ ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುವವರು ಟೀಚರಮ್ಮ. ಹೋಟೆಲಿನ ಹಿಂದಿನ ಬೀದಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ, ಹೆಡ್‌ಮಿಸ್ ಆಗಿ ನಿವೃತ್ತರಾದವರು. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಬಸ್ಸಿನ ಬೋರ್ಡು ಓದಲು ಬಾರದೆ ಅಣ್ಣಾ ನಗರಕ್ಕೆ ಹೋಗಿ ಇಳಿದು ಅತ್ತುಕೊಂಡು ಬಂದಿದ್ದೆ. ಆಗ ನನ್ನನ್ನು ಕ್ಯಾಶ್ ಮೇಜಿನ ಪಕ್ಕ ಕೂರಿಸಿಕೊಂಡು ತಮಿಳು ಅಕ್ಷರ ತಿದ್ದಿಸಿದವರು ಇವರು. ಪ್ರತಿಯಾಗಿ ನಾನು ಅವರಿಗೆ ಕನ್ನಡ ಮಾತು ಕಲಿಸಬೇಕೆಂದು ಕರಾರು. ಇಷ್ಟು ವರ್ಷಗಳಾದರೂ ನಾನು ಅವರೊಡನೆ ಕೆಟ್ಟ ತಮಿಳಿನಲ್ಲಿ, ಅವರು ನನ್ನೊಡನೆ ಕೆಟ್ಟ ಕನ್ನಡದಲ್ಲಿ ಮಾತಾಡುವುದು. ಯಾರಿಂದಲೂ ಪುಕ್ಕಟೆ ಒಂದು ಹುಲ್ಲುಕಡ್ಡಿ ತೆಗೆದುಕೊಂಡವರಲ್ಲ. ಕಡೇ ಹಿಟ್ಟು ಮಾತ್ರ ತೆಗೆದುಕೊಳ್ಳುತ್ತಾರೆ, ಏಕೆಂದರೆ ತಿರುಗಿ ಪಾತ್ರೆ ತುಂಬಿ ತರುವುದಿದೆಯಲ್ಲ.

ಆ ವರ್ಷ ನಮ್ಮ ರಜೆಯ ವಾರದಲ್ಲೇ ಗಡಿಯಲ್ಲಿ ಗಲಾಟೆ ಶುರುವಾಯಿತು. ನಮ್ಮ ದೇಶ, ಪಕ್ಕದ ದೇಶ, ವಿಮಾನ, ಕ್ಷಿಪಣಿ. ಟೀವಿಯವರು ಸ್ಟುಡಿಯೋದಲ್ಲಿ ಸೈರನ್ ಕೂಗಿಸುತ್ತಿದ್ದರು. ಚೆನ್ನೈಯಿಂದ ಆ ಗಡಿ ಎಷ್ಟು ದೂರ ಎಂದು ನನಗೆ ಗೊತ್ತು, ಆದರೂ ಬೀದಿಯಲ್ಲಿ ಪ್ರೆಶರ್ ಕುಕ್ಕರ್ ಕೂಗಿದರೆ ಬೆಚ್ಚುತ್ತಿದ್ದೆ. ನಿಜ ಹೇಳಿಬಿಡುತ್ತೇನೆ, ಹೆದರಿಕೆಯ ಜೊತೆ ಒಂದು ರುಚಿಯೂ ಹತ್ತಿತ್ತು. ಫೋನಿನಲ್ಲಿ ನನಗೆ ನಾಲ್ಕು ಗುಂಪು. ನೆಂಟರದ್ದು, ಊರಿನದ್ದು, ಇಲ್ಲಿಯ ಕನ್ನಡ ಹೆಂಗಸರದ್ದು, ಭಜನೆಯದ್ದು. ಯಾರೋ ಕಳಿಸಿದ್ದನ್ನು ಈ ಗುಂಪಿನಿಂದ ಎತ್ತಿ ಆ ಗುಂಪಿಗೆ ಹಾಕುವುದು, ಹಿಂದಿಯಲ್ಲಿದ್ದರೆ ಅಡಿಯಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆಯುವುದು. ಕೈ ಸುಮ್ಮನೆ ಇರುತ್ತಿರಲಿಲ್ಲ. ಭಜನೆಯ ಗುಂಪಿನವರು ನನ್ನನ್ನು ವಾರ್ತೆಯಮ್ಮ ಎಂದು ತಮಾಷೆ ಮಾಡುತ್ತಿದ್ದರು, ನನಗೆ ಒಳಗೊಳಗೆ ಅದು ಖುಷಿಯೇ.

ನಮ್ಮ ಯಜಮಾನರು ಮತ್ತು ಹೋಟೆಲಿನ ಜನ ಹೊರಡುವ ದಿನ ಬಂತು. ಮಗಳಿಗೆ ಕಾಲೇಜಿನ ಪರೀಕ್ಷೆ ಇದ್ದದ್ದರಿಂದ ನಾನು ಉಳಿದೆ. ಕಡೇ ಹಿಟ್ಟು ಹಂಚುವುದು ನನ್ನ ಪಾಲಿಗೆ. ಹೊರಗಿನ ಕಪ್ಪು ಹಲಗೆಯ ಮೇಲೆ ಇವರು ವರ್ಷವೂ ತಮಿಳಿನಲ್ಲಿ ನೀಟಾಗಿ ಬರೆಯುತ್ತಾರೆ. ನನ್ನ ತಮಿಳು ಅಕ್ಷರ ಇವತ್ತಿಗೂ ಜಿಲೇಬಿ, ಹಾಗಾಗಿ ಇಂಗ್ಲಿಷಿನಲ್ಲಿ ದಪ್ಪಕ್ಕೆ ಗೀಚಿದೆ. ಹೋಟೆಲು ಬಂದ್, ಎಲ್ಲರೂ ಊರಿಗೆ ಹೋಗುತ್ತಿದ್ದೇವೆ, ಹಿಟ್ಟು ಬೇಕಾದವರು ಪಾತ್ರೆ ತನ್ನಿ. ಎಷ್ಟು ದಿನ ಎಂದು ಬರೆಯಲು ಜಾಗ ಉಳಿಯಲಿಲ್ಲ. ದಿನಾ ಬರುವವರಿಗೆ ಗೊತ್ತೇ ಇದೆಯಲ್ಲ ಎಂದು ಬಿಟ್ಟೆ.

ನಾಲ್ಕು ಗಂಟೆಗೆ ಸಾಲು ಬೀದಿಯ ತಿರುವಿನವರೆಗೆ ಬೆಳೆದಿತ್ತು. ಮುಂದೆ ಟೀಚರಮ್ಮ, ಕೈಯಲ್ಲಿ ಹಿಡಿಕೆ ಮುಚ್ಚಳದ ಸ್ಟೀಲ್ ಪಾತ್ರೆ, ಇಲ್ಲಿಯವರು ಅದಕ್ಕೆ ತೂಕ್ಕು ಎನ್ನುತ್ತಾರೆ. ಅಡುಗೆಯ ಭಟ್ಟರು ಒಳಗಿಂದ ಹಿಟ್ಟಿನ ಕೊಳಗ ತರುವವರೆಗೆ ಹೊತ್ತು ಹೋಗಬೇಕಿತ್ತು. ಆವತ್ತು ಬೆಳಿಗ್ಗೆ ಬಂದ ಒಂದು ಫೋಟೊ ಅವರಿಗೆ ತೋರಿಸಿದೆ. ಪಕ್ಕದ ದೇಶದ ಯಾವುದೋ ಊರಿನಲ್ಲಿ ಹೆಂಗಸರು ಪಾತ್ರೆ ಹಿಡಿದು ಸಾಲಾಗಿ ನಿಂತಿದ್ದಾರೆ. ಮೂರೇ ದಿನಕ್ಕೆ ಭಿಕ್ಷೆಗೆ ಬಂದರು ಎಂದು ಅದರಡಿಯಲ್ಲಿ ಬರೆದಿತ್ತು. ಆ ಸಾಲನ್ನು ಕನ್ನಡಕ್ಕೆ ತಿರುಗಿಸಿ ನಾಲ್ಕೂ ಗುಂಪಿಗೆ ಹಾಕಿದವಳು ನಾನೇ. ಟೀಚರಮ್ಮ ಕನ್ನಡಕ ಏರಿಸಿ ನೋಡಿ ನಕ್ಕರು. ನಾನೂ ನಕ್ಕೆ. ಭಟ್ಟರು ಕೊಳಗ ತಂದಿಟ್ಟರು. ಅಷ್ಟರಲ್ಲಿ ನನಗೆ ಸಾಲು ಚೆಂದ ಕಂಡಿತು. ನಾಲ್ಕು ಹೆಜ್ಜೆ ಹಿಂದೆ ಸರಿದು, ಹಲಗೆಯೂ ಟೀಚರಮ್ಮನೂ ಹಿಂದಿನ ಜನವೂ ಬರುವ ಹಾಗೆ ಒಂದು ಫೋಟೊ ತೆಗೆದು ಹೋಟೆಲಿನ ಪುಟಕ್ಕೆ ಹಾಕಿದೆ.

ಮರುದಿನ ಬೆಳಿಗ್ಗೆ ಮಗಳು ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಅಡುಗೆಮನೆಗೆ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ಏನೂ ಹೇಳದೆ ಫೋನು ನನ್ನ ಮುಖಕ್ಕೆ ಹಿಡಿದಳು. ನನ್ನದೇ ಫೋಟೊ. ಅಡಿಯಲ್ಲಿ ಇಂಗ್ಲಿಷಿನಲ್ಲಿ ಬೇರೆ ಮಾತು. ಭಾರತದ ದಕ್ಷಿಣದ ದೊಡ್ಡ ನಗರದಲ್ಲಿ ಹೋಟೆಲುಗಳು ಮುಚ್ಚಿವೆ, ಜನ ಊರು ಬಿಟ್ಟು ಓಡುತ್ತಿದ್ದಾರೆ, ಮುದುಕಿಯರು ಹಿಟ್ಟಿಗೆ ಬೀದಿಯಲ್ಲಿ ಸಾಲು ನಿಂತಿದ್ದಾರೆ, ಅಲ್ಲಿಯ ಪತ್ರಿಕೆಗಳು ಇದನ್ನು ಮುಚ್ಚಿಡುತ್ತಿವೆ ಎಂದು. ಹಾಕಿದವರು ಪಕ್ಕದ ದೇಶದವರು. ಒಬ್ಬರಲ್ಲ. ಮಗಳು ಬೆರಳಿನಿಂದ ಜಾರಿಸುತ್ತ ಹೋದಳು, ಮುಗಿಯಲೇ ಇಲ್ಲ. ಎಲ್ಲ ಕಡೆ ಅದೇ ಫೋಟೊ, ಅದೇ ವಾಕ್ಯ, ಅದೇ ಹೊತ್ತು. ಹೆಸರು ಮಾತ್ರ ಬೇರೆ ಬೇರೆ.

ಏನು ಮಾಡುವುದು ಎಂದು ಕೇಳಿದೆ.

"ಡಿಲೀಟ್ ಪಣ್ಣು ಅಮ್ಮಾ," ಎಂದಳು. ಆಮೇಲೆ ತಾನೇ, "ಪಣ್ಣಾಲುಂ ವೇಸ್ಟ್," ಎಂದಳು, ಅಳಿಸಿದರೂ ಉಪಯೋಗವಿಲ್ಲ ಎಂದು.

ನಮ್ಮ ಪುಟದಿಂದ ಅಳಿಸಿದೆವು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎನ್ನುತ್ತಾರಲ್ಲ, ಅಷ್ಟೊತ್ತಿಗೆ ಅದು ಉರ್ದು, ಹಿಂದಿ, ಬಂಗಾಳಿ ಯಾವ ಯಾವುದೋ ಲಿಪಿಯಲ್ಲಿ ತಿರುಗುತ್ತಿತ್ತು. ಇಷ್ಟೆಲ್ಲ ಜನ ಒಂದೇ ನಿಮಿಷಕ್ಕೆ ಒಂದೇ ಮಾತು ಬರೆಯುವುದು ಹೇಗೆ ಎಂದು ಕೇಳಿದೆ. ಮಗಳು ನನ್ನನ್ನು ಎಲ್.ಕೆ.ಜಿ. ಮಗುವಿನ ಹಾಗೆ ನೋಡಿ ವಿವರಿಸಿದಳು. ಇವರು ಜನ ಅಲ್ಲವಂತೆ, ಬೇರೆ ಬೇರೆ ಹೆಸರಿನ ಖಾತೆಗಳಂತೆ. ಆ ದೇಶದ ಸರ್ಕಾರವೇ ಸಂಬಳ ಕೊಟ್ಟು ಆಫೀಸಿನಲ್ಲಿ ಕೂರಿಸಿ ಇದನ್ನು ಮಾಡಿಸುತ್ತದೆ ಎನ್ನುತ್ತಾರಂತೆ. ಯಾರೋ ಒಬ್ಬ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಮೇಜಿನ ಮುಂದೆ ಕೂತು ನಮ್ಮ ಟೀಚರಮ್ಮನನ್ನು ಆರಿಸಿದ್ದಾನೆ. ಅವನ ಮಧ್ಯಾಹ್ನದ ಊಟದ ಡಬ್ಬಿಯನ್ನೂ ಯಾರೋ ಕಟ್ಟಿಕೊಟ್ಟಿರುತ್ತಾರೆ. ಹಾಗಾದರೆ ನಮ್ಮ ಕಡೆಯೂ ಇಂಥ ಆಫೀಸು ಇದೆಯಾ ಎಂದೆ. ಅವಳು ಭುಜ ಹಾರಿಸಿ ಪರೀಕ್ಷೆಗೆ ಓದಲು ಹೋದಳು.

ನನಗೆ ಹೋಟೆಲಿನ ಚಿಂತೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ಮೊದಲು ನೆನಪಾದದ್ದು ಟೀಚರಮ್ಮ. ಅವರು ಇದನ್ನು ನೋಡಬಾರದು. ಇಡೀ ಬೀದಿಯ ಹುಡುಗಿಯರಿಗೆ ತಲೆ ಎತ್ತಿ ನಡೆಯಲು ಕಲಿಸಿದ ಹೆಂಗಸು, ಊರೂರಲ್ಲಿ ಹಿಟ್ಟಿಗೆ ಕೈಯೊಡ್ಡಿದ ಮುದುಕಿ ಆಗಿಬಿಟ್ಟಿದ್ದಾರೆ. ಮಾಡಿಸಿದವಳು ನಾನು. ಅವರ ಹತ್ತಿರ ಇರುವುದು ಬಟನ್ ಫೋನು ಎನ್ನುವುದೊಂದೇ ಧೈರ್ಯ.

ಮಧ್ಯಾಹ್ನದಿಂದ ನಮ್ಮ ಕಡೆಯವರ ಸರದಿ. ಯಾರೋ ಜಾಣರು ಹಲಗೆಯ ಮೂಲೆಯಲ್ಲಿ ಅಚ್ಚಾಗಿದ್ದ ಸಣ್ಣ ಅಕ್ಷರ ಹಿಗ್ಗಿಸಿ ಹೋಟೆಲಿನ ಹೆಸರು ಕಂಡುಹಿಡಿದರು. ಹೋಟೆಲಿನ ಫೋನು ಮನೆಗೆ ತಂದಿಟ್ಟುಕೊಂಡಿದ್ದೆ. ಅದು ಕಿರುಚಲು ತೊಡಗಿತು. ಮೊದಲಿನವನು ಹಿಂದಿಯಲ್ಲಿ ಬೈದ, ಎರಡನೆಯವನು ತಮಿಳಿನಲ್ಲಿ. ಮೂರನೆಯವನು ಕನ್ನಡದವನೇ, ಬಹಳ ಮರ್ಯಾದೆಯಿಂದ, ಶತ್ರುಗಳು ನಿಮಗೆ ಎಷ್ಟು ಕೊಟ್ಟರಮ್ಮ ಎಂದು ಕೇಳಿದ. ನನ್ನ ಬಾಯಿ ಸ್ವಲ್ಪ ಜೋರು. ಅವನಿಗೆ ಅವನ ಏಳು ತಲೆಮಾರು ನೆನಪಾಗುವ ಹಾಗೆ ಉತ್ತರ ಕೊಟ್ಟೆ.

ಊರಿಗೆ ಫೋನು ಮಾಡಿ ಇವರಿಗೆ ಹೇಳಿದೆ. ಹಿಂದೆ ತೆಂಗಿನಕಾಯಿ ಒಡೆಯುವ ಸದ್ದು ಕೇಳುತ್ತಿತ್ತು.

"ಹೆದರ್ಬೇಡ ಮಾರಾಯ್ತಿ," ಎಂದರು ಇವರು. "ತಂಬಿಲ ಮುಗ್ಸಿ ಒಂದ್ ದಿನ ಮುಂಚೆ ಎಲ್ಲರನ್ನೂ ಕರ್ಕಂಡ್ ಬತ್ತೆ. ಬಾಗ್ಲ್ ತೆಗ್ದ್ರೆ ಎಲ್ಲ ಸರಿ ಆತ್ತ್."

ಅದೇ ಅಲ್ಲವೇ ಕಷ್ಟ. ಬಾಗಿಲು ಮುಚ್ಚಿದ್ದೇ ಸಾಕ್ಷಿ ಆಗಿತ್ತು. ಮರುದಿನ ಯಾರೋ ಮೂವರು ಬೈಕಿನಲ್ಲಿ ಬಂದು ಶಟರಿನ ಮುಂದೆ ನಿಂತು, ನೋಡಿ ನಿಜಕ್ಕೂ ಮುಚ್ಚಿದೆ ಎಂದು ವೀಡಿಯೊ ಮಾಡಿಕೊಂಡು ಹೋದರು. ಅವರು ಯಾವ ಕಡೆಯವರು ಎಂದೇ ತಿಳಿಯಲಿಲ್ಲ. ಕಾಫಿಯನ್ನಾದರೂ ಮಾಡಿ ಬಾಗಿಲು ತೆರೆಯೋಣ ಎಂದು ಬೀಗದ ಕೈ ಹಿಡಿದು ಹೋದೆ. ಶಟರಿನ ಮೇಲೆ ದೇಶದ್ರೋಹಿ ಎಂದು ತಮಿಳಿನಲ್ಲಿ ಬರೆದ ಕಾಗದ ಅಂಟಿಸಿದ್ದರು. ಟೀಚರಮ್ಮ ಕಲಿಸಿದ ಅಕ್ಷರ, ಚೆನ್ನಾಗಿ ಓದಲು ಬಂತು. ಅದನ್ನು ಕಿತ್ತು, ಹಲಗೆ ಒರೆಸಿ, ತೆರೆಯದೆ ವಾಪಸು ಬಂದೆ.

ಆ ದಿನವೇ ಪೊಲೀಸ್ ಸ್ಟೇಷನ್ನಿನಿಂದ ಕರೆ ಬಂತು. ಮಗಳು ಪರೀಕ್ಷೆಗೆ ಹೋಗಿದ್ದಳು, ಒಬ್ಬಳೇ ಆಟೋದಲ್ಲಿ ಹೋದೆ. ಎಸ್ಸೈ ನಮ್ಮ ಪೊಂಗಲ್ ತಿಂದು ಬೆಳೆದ ಹುಡುಗನೇ. ಕುರ್ಚಿ ಕೊಟ್ಟು ನೀರು ಕೊಟ್ಟು ಎಲ್ಲ ಬರೆದುಕೊಂಡ. ತಂಬಿಲ ಎಂದರೆ ಏನೆಂದು ಮೂರು ಸಲ ಕೇಳಿದ. ದೂರು ಕೊಡುತ್ತೇನೆ, ಅವರನ್ನು ಹಿಡಿಯಿರಿ ಎಂದೆ. ಅವನು ಪೆನ್ನಿನ ತುದಿ ಕಚ್ಚುತ್ತ ಯೋಚಿಸಿ, ಫೋಟೊ ನಿಮ್ಮದೇ, ಹಲಗೆ ನಿಮ್ಮದೇ, ಸಾಲೂ ನಿಜವೇ, ಸುಳ್ಳು ಇರುವುದು ಅಡಿಬರಹದಲ್ಲಿ ಮಾತ್ರ, ಬರೆದವರೋ ಗಡಿಯಾಚೆ ಇದ್ದಾರೆ, ಯಾರನ್ನು ಹಿಡಿಯಲಮ್ಮಾ ಎಂದ. ಒಂದು ಸ್ಪಷ್ಟನೆ ಬರೆದು ಹಾಕಿ ಎಂದು ಸಲಹೆ ಕೊಟ್ಟ. ಹಾಕಿದೆವು. ಕಡೇ ಹಿಟ್ಟು, ಅತ್ತೆ, ನಾಗ, ಎಲ್ಲ ಬರೆದೆವು. ಅದನ್ನು ಓದಿದವರು ನಮ್ಮ ನೆಂಟರು ಮಾತ್ರ ಇರಬೇಕು.

ಸಂಜೆ ಹೊಸದೊಂದು ಬಂತು, ಇದು ನಮ್ಮದೇ ದೇಶದವರು ಮಾಡಿದ್ದು. ಟೀಚರಮ್ಮನ ಮುಖದ ಸುತ್ತ ಕೆಂಪು ವೃತ್ತ ಹಾಕಿದ್ದರು. ಈ ಮುದುಕಿ ನಿಜವಾದವಳಲ್ಲ, ವಡಪಳನಿಯ ಸ್ಟುಡಿಯೋಗಳಿಗೆ ಬಾಡಿಗೆಗೆ ಬರುವ ಎಕ್ಸ್‌ಟ್ರಾ ನಟಿ, ದುಡ್ಡು ಕೊಟ್ಟು ನಿಲ್ಲಿಸಿದ್ದಾರೆ ಎಂದು ಬರೆದಿತ್ತು. ಆಚೆಯವರಿಗೆ ಅವರು ಭಿಕ್ಷುಕಿ, ಈಚೆಯವರಿಗೆ ಬಾಡಿಗೆ ನಟಿ. ಗಣಿತದ ಟೀಚರು ಎಂದು ಹೇಳುವವರು ಎರಡು ದೇಶದಲ್ಲಿ ಒಬ್ಬರೂ ಇಲ್ಲ. ಈ ಕೆಂಪು ವೃತ್ತದ ಫೋಟೊ ನನ್ನ ಭಜನೆಯ ಗುಂಪಿಗೂ ಬಂತು. ಕಳಿಸಿದಾಕೆ ನನಗೆ ಗೊತ್ತಿರುವವರೇ, ಅದು ನಮ್ಮ ಹೋಟೆಲೆಂದು ಅವರಿಗೆ ಹೊಳೆದೇ ಇರಲಿಲ್ಲ. ನೋಡಿ ಎಂಥೆಂಥ ಜನ ಇರ್ತಾರೆ ಎಂದು ಅಡಿಯಲ್ಲಿ ಬರೆದಿದ್ದರು. ನಾನು ಇಂಥದ್ದಕ್ಕೆ ಬರೆಯುತ್ತಿದ್ದುದೂ ಅದೇ ಮಾತು.

ಅಷ್ಟರಲ್ಲಿ ಟೀಚರಮ್ಮನ ಮಗ ಫೋನು ಮಾಡಿದ. ಸಾಧು ಮನುಷ್ಯ, ಎಂದೂ ದನಿ ಏರಿಸಿದವನಲ್ಲ. ನನ್ನ ಫೋನಿನಲ್ಲಿ ಅಮ್ಮ ಎಲ್ಲ ನೋಡಿದ್ದಾರೆ ಅಕ್ಕಾ ಎಂದ. ನಾವು ಮುಚ್ಚಿಡಬೇಕೆಂದುಕೊಂಡಿದ್ದನ್ನು ಅವರ ಹಳೆಯ ವಿದ್ಯಾರ್ಥಿನಿಯರು ಗುರುತಿಸಿಬಿಟ್ಟಿದ್ದರು. ದೂರ ದೂರದ ದೇಶಗಳಿಂದ ಫೋನು. ಮಿಸ್, ನೀವು ಊಟಕ್ಕೆ ಇಲ್ಲದೆ ಇದ್ದೀರಾ, ನಮಗೆ ಯಾಕೆ ಹೇಳಲಿಲ್ಲ ಎಂದು ಅಳುತ್ತಾರಂತೆ. ಇಲ್ಲ ಎಂದು ಎಷ್ಟು ಹೇಳಿದರೂ, ಮಿಸ್ಸಿಗೆ ಸ್ವಾಭಿಮಾನ ಜಾಸ್ತಿ, ಹೇಳುವುದಿಲ್ಲ ಎಂದುಕೊಳ್ಳುತ್ತಾರಂತೆ. ಅಮ್ಮ ಬೆಳಿಗ್ಗೆಯಿಂದ ಒಂದು ಲೋಟ ಮಜ್ಜಿಗೆ ಬಿಟ್ಟು ಏನೂ ಮುಟ್ಟಿಲ್ಲ ಎಂದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅವರ ಮನೆಗೆ ಹೋದೆ. ಹಿಂದಿನ ಬೀದಿ, ಐದು ನಿಮಿಷದ ದಾರಿ. ಅದನ್ನು ನಡೆಯಲು ಅರ್ಧ ಗಂಟೆ ಹಿಡಿಯಿತು. ಎರಡು ಸಲ ವಾಪಸು ತಿರುಗಿದೆ. ಬಾಗಿಲ ಬಳಿ ಅಕ್ಕಿಯ ಮೂಟೆ, ಬೇಳೆಯ ಪೊಟ್ಟಣಗಳು, ಎಣ್ಣೆಯ ಡಬ್ಬ ಗೋಡೆಗೆ ಒರಗಿಸಿಟ್ಟಿದ್ದವು. ನಾನು ನಿಂತಿರುವಾಗಲೇ ಡೆಲಿವರಿಯವನೊಬ್ಬ ಇನ್ನೊಂದು ಮೂಟೆ ತಂದಿಳಿಸಿ, ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡು ಹೋದ. ಎಲ್ಲ ಆ ಹೆಣ್ಣುಮಕ್ಕಳು ದೂರದಿಂದಲೇ ಫೋನಿನಲ್ಲಿ ಆರ್ಡರ್ ಮಾಡಿ ಕಳಿಸಿದ್ದು. ಎದುರು ಮನೆಯವರು ಬಾಲ್ಕನಿಯಿಂದ ನೋಡುತ್ತಿದ್ದರು.

ಟೀಚರಮ್ಮ ಒಳಗೆ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಹಣೆಯಲ್ಲಿ ವಿಭೂತಿ, ಶಾಲೆಗೆ ಹೊರಡುವ ಹಾಗೆ. ತಪ್ಪಾಯಿತು ಎಂದು ತಮಿಳಿನಲ್ಲಿ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದವಳು, ಅಲ್ಲಿ ನಿಂತಾಗ ಕನ್ನಡದಲ್ಲೇ ಅತ್ತುಬಿಟ್ಟೆ. ಅವರು ನನ್ನನ್ನು ಅಳಲು ಬಿಟ್ಟರು. ಆಮೇಲೆ ಬಾಗಿಲ ಕಡೆ ಕೈ ತೋರಿಸಿದರು.

"ಅದು ನೋಡು ಮ್ಮಾ. ನಾನು ತಗೊಳ್ಳಲ್ಲ ಅಂದ್ರೆ ಆ ಮಕ್ಕಳಿಗೆ ನೋವು. ತಗೊಂಡ್ರೆ ಆ ದೇಶದವ್ರು ಬರೆದಿರೋದು ನಿಜ ಆಗತ್ತೆ." ಕಣ್ಣು ಅತ್ತಲೇ ಇಟ್ಟು, "ನೀ ಹೋಗು," ಎಂದರು.

ಹೋಗು ಎಂದದ್ದು ಸಿಟ್ಟಿನಲ್ಲಲ್ಲ. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು. ನಾಡಿದ್ದು ಬಾಗಿಲು ತೆರೆಯುತ್ತೇವೆ, ಬರುತ್ತೀರಲ್ಲ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಅತ್ತೆ ದಿನಕ್ಕೆ ಮೂರು ಸಲ ಹೇಳುತ್ತಿದ್ದರು. ಆಗೆಲ್ಲ ಈ ಮುದುಕಿಗೆ ಬೇರೆ ಗಾದೆ ಗೊತ್ತಿಲ್ಲವೇ ಎಂದು ಮನಸ್ಸಿನಲ್ಲೇ ಗೊಣಗುತ್ತಿದ್ದೆ. ಆ ಎರಡು ದಿನ ನಾನು ಫೋನು ನೋಡುವುದು ಬಿಡಲಿಲ್ಲ. ಬಿಟ್ಟರೆ ಏನೋ ಆಗಿಬಿಡುತ್ತದೆ ಎನ್ನುವ ಭಯ. ತರಕಾರಿ ಹೆಚ್ಚುತ್ತ, ಬಟ್ಟೆ ಮಡಚುತ್ತ ಆ ಫೋಟೊ ಎಲ್ಲೆಲ್ಲಿಗೆ ಹೋಯಿತು ಎಂದು ಹುಡುಕುತ್ತಿದ್ದೆ. ಗಡಿಯಲ್ಲಿ ಗುಂಡಿನ ಸದ್ದು ನಿಂತಿತು ಎಂದು ಟೀವಿಯಲ್ಲಿ ಹೇಳಿದರು. ನಮ್ಮ ಫೋಟೊ ನಿಲ್ಲಲಿಲ್ಲ.

ಇವರು ಹೇಳಿದ ಹಾಗೆ ಒಂದು ದಿನ ಮುಂಚೆ ಬಂದರು. ಎಲ್ಲರೂ ಬಸ್ಸಿನಿಂದ ಇಳಿದವರು ನೇರ ಅಡುಗೆಮನೆಗೆ ನುಗ್ಗಿದರು. ಅಕ್ಕಿ ಉದ್ದು ನೆನೆಹಾಕಿ ಮಧ್ಯಾಹ್ನಕ್ಕೆ ರುಬ್ಬಿದರು. ಮರುದಿನ ಆರು ಗಂಟೆಗೆ ಶಟರ್ ಎತ್ತಿದೆವು. ಶಟರ್ ಎತ್ತುವಾಗ ಯಾರಾದರೂ ಕಲ್ಲು ಹೊಡೆದಾರು ಎಂದು ನಾನು ಇವರ ಹಿಂದೆಯೇ ನಿಂತಿದ್ದೆ. ಹೊರಗೆ ನಿಂತಿದ್ದು ಹಾಲಿನವನು. ಪಾತ್ರೆ ಹಿಡಿದ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ಒಬ್ಬರು ಮಲ್ಲಿಗೆ ತಂದರು, ಒಬ್ಬರು ಎರಡು ಬಾಳೆಹಣ್ಣು ತಂದರು. ಎಲ್ಲರೂ ಬರಲಿಲ್ಲ. ಸಾಲಿನಲ್ಲಿ ಟೀಚರಮ್ಮನ ಹಿಂದೆ ನಿಂತಿದ್ದ ಅಂಚೆ ಕಚೇರಿಯವರು ತಮ್ಮ ಮುಖವೂ ಫೋಟೊದಲ್ಲಿದೆ ಎಂದು ಹೆದರಿ ಈ ಬೀದಿಗೇ ಬರುತ್ತಿಲ್ಲವಂತೆ. ಏಳಾಯಿತು, ಎಂಟಾಯಿತು. ನಾನು ಕ್ಯಾಶಿನಲ್ಲಿ ಕೂತು ತಪ್ಪು ಚಿಲ್ಲರೆ ಕೊಡುತ್ತಿದ್ದೆ. ಅವರು ಬರುವುದಿಲ್ಲ ಎಂದು ಹತ್ತು ಗಂಟೆಗೆ ನಿರ್ಧಾರ ಮಾಡಿಕೊಂಡು, ಹಿಂದೆ ಕೈತೊಳೆಯುವ ಜಾಗಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದೆ.

ವಾಪಸು ಬಂದಾಗ ಕ್ಯಾಶ್ ಮೇಜಿನ ಮೇಲೆ ತೂಕ್ಕು ಇತ್ತು. ಟೀಚರಮ್ಮ ಪಕ್ಕದ ಮೇಜಿನಲ್ಲಿ, ನನಗೆ ಅಕ್ಷರ ಕಲಿಸಿದ ಅದೇ ಜಾಗದಲ್ಲಿ, ಕೂತಿದ್ದರು. ಮುಚ್ಚಳ ತೆಗೆದೆ. ಅಕ್ಕಿ ತುಂಬಿ ತಂದಿದ್ದರು.

"ಬರಿ ಪಾತ್ರೆ ತರಬಾರ್ದಲ್ಲ," ಎಂದರು. "ನನ್ನ ಹುಡುಗಿಯರು ಕಳ್ಸಿದ್ದು. ಮೂಟೆ ಎಲ್ಲ ಮಗ ತಂದು ಹಾಕ್ತಾನೆ. ರುಬ್ಬು."

ನಾನು ಇವರನ್ನು ಕೂಗಿ ದೋಸೆ ಹೇಳಿದೆ. ಎಲ್ಲ ಮುಗಿಯಿತು ಎಂದುಕೊಂಡೆ. ಟೀಚರಮ್ಮ ಕೈ ಚಾಚಿ ಫೋನು ಕೇಳಿದರು. ನಮ್ಮ ಫೋಟೊ ಅಳಿಸಿಬಿಟ್ಟಿದ್ದೇನೆ ಎಂದೆ.

"ನಮ್ಮದು ಅಲ್ಲ. ಅವತ್ತು ಸಾಲಲ್ಲಿ ತೋರ್ಸಿದೆಯಲ್ಲ, ಆ ದೇಶದ್ದು. ನಾವು ನಕ್ಕಿದ್ದು."

ಅದು ನನ್ನ ತಲೆಯಿಂದ ಹಾರಿಹೋಗಿತ್ತು. ದೇವರಾಣೆಗೂ ಆ ಐದು ದಿನದಲ್ಲಿ ಒಂದು ಸಲವೂ ನೆನಪಾಗಿರಲಿಲ್ಲ. ನೆಂಟರ ಗುಂಪಿನಲ್ಲಿ ಮೇಲೆ ಮೇಲೆ ಹೋಗಿ ಹುಡುಕಿದೆ. ಸಿಕ್ಕಿತು. ನನ್ನ ಕನ್ನಡದ ಎರಡು ಸಾಲು, ಅದರಡಿ ನೆಂಟರು ಹಾಕಿದ ನಗುವ ಮುಖಗಳು. ಟೀಚರಮ್ಮ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ, ಉತ್ತರಪತ್ರಿಕೆ ತಿದ್ದುವಾಗ ನೋಡುವ ಹಾಗೆ ನೋಡಿದರು. ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿದರು.

ಸಾಲಿನಲ್ಲಿ ಮೊದಲು ನಿಂತವಳು ವಯಸ್ಸಾದ ಹೆಂಗಸು. ತಲೆಯ ಮೇಲೆ ಸೆರಗು, ಕೈಯಲ್ಲಿ ಹಿಡಿಕೆಯ ಪಾತ್ರೆ. ಅವಳು ಪಾತ್ರೆ ಮುಂದೆ ಚಾಚಿರಲಿಲ್ಲ, ಸೊಂಟಕ್ಕೆ ಒತ್ತಿ ಹಿಡಿದಿದ್ದಳು. ತುಟಿಯ ಒಂದು ಕಡೆ ನಗು. ಸಾಕು ಬಿಡು, ಎಷ್ಟು ಫೋಟೊ ತೆಗೀತೀಯ ಎನ್ನುವ ಮುಖ.

"ಗುರುತು ಇರೋರನ್ನ ನೋಡೋ ಮುಖ ಇದು," ಎಂದರು ಟೀಚರಮ್ಮ. "ಎದುರಿಗೆ ಫೋನ್ ಹಿಡ್ಕೊಂಡು ಒಬ್ಬಳು ನಿಂತಿದ್ದಾಳೆ, ಇವಳ ಸ್ನೇಹಿತೆ. ನಿನ್ನ ಹಾಗೆ." ಫೋನು ಮೇಜಿನ ಮೇಲಿಟ್ಟು, "ನಾನೂ ನಕ್ಕೆ ಮ್ಮಾ," ಎಂದರು.

ಆ ಸಾಲು ಯಾತಕ್ಕೋ ಯಾರಿಗೆ ಗೊತ್ತು. ಮದುವೆಯ ಊಟವೋ, ಹರಕೆಯ ಅನ್ನವೋ, ಅವರಲ್ಲೂ ಯಾವುದೋ ಅತ್ತೆ ಮಾಡಿಟ್ಟ ಕಡೇ ಹಿಟ್ಟೋ. ನಿಜಕ್ಕೂ ಹಸಿವಿನ ಸಾಲೇ ಆಗಿದ್ದರೂ ನಗುವಂಥದ್ದು ಅದರಲ್ಲಿ ಏನಿತ್ತು. ಅವಳ ಮನೆಯ ಬಾಗಿಲಿಗೂ ಯಾರೋ ಅಳುತ್ತ ಅಕ್ಕಿ ಕಳಿಸಿರಬಹುದು. ಅವಳ ಸ್ನೇಹಿತೆ ಎರಡು ಸಲ ವಾಪಸು ತಿರುಗಿ, ಮೂರನೆಯ ಸಲ ಆ ಬೀದಿ ನಡೆದಿರಬಹುದು. ಅಳಿಸಲು ಹೋದೆ. ದಿನ ಕಳೆದಿತ್ತು, ನನ್ನ ಫೋನಿನಿಂದ ಮಾತ್ರ ಅಳಿಯುತ್ತದೆ, ಬೇರೆಯವರ ಫೋನಿನಿಂದ ಹೋಗುವುದಿಲ್ಲ ಎಂದಿತು.

ಯಾರು ಯಾರಿಗೆ ಕಳಿಸಿದ್ದೀಯ ಎಂದು ಟೀಚರಮ್ಮ ಕೇಳಿದರು. ನಾಲ್ಕು ಗುಂಪು ಎಂದೆ. ಎಲ್ಲ ಗುಂಪಿಗೂ ತಪ್ಪಾಯಿತು ಎಂದು ಬರೆದು ಹಾಕುತ್ತೇನೆ ಎಂದೆ. ಬರೆದರೆ ಯಾರೂ ಓದುವುದಿಲ್ಲ, ನಿನ್ನ ಸ್ಪಷ್ಟನೆ ಯಾರು ಓದಿದರು ಎಂದರು. ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಬೇಕು, ಅವರು ಯಾರಿಗೆ ಕಳಿಸಿದ್ದಾರೋ ಅವರಿಗೂ ಹೇಳಲು ಹೇಳಬೇಕು, ತಾನು ಇಲ್ಲೇ ಕೂತಿರುತ್ತೇನೆ ಎಂದರು. ತಪ್ಪು ಲೆಕ್ಕವನ್ನು ಹತ್ತು ಸಲ ಮಾಡಿಸುವ ದನಿ ಅದು. ನಾನು ನಲವತ್ತೊಂಬತ್ತರ ಹೆಂಗಸು, ಕ್ಯಾಶಿನಲ್ಲಿ ಗಿರಾಕಿಗಳು ನಿಂತಿದ್ದಾರೆ, ಆದರೂ ಹೂಂ ಎಂದೆ. ಇವರು ಬಂದು ಕ್ಯಾಶಿನಲ್ಲಿ ಕೂತರು.

ಮೊದಲು ಕುಂದಾಪುರದ ನನ್ನ ಚಿಕ್ಕಮ್ಮನ ಮಗಳಿಗೆ ಮಾಡಿದೆ. ಟೀಚರಮ್ಮನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಯುದ್ಧದ ಸಮಯದಲ್ಲಿ ಒಂದು ಫೋಟೊ ಕಳಿಸಿದ್ದೆನಲ್ಲ, ಪಾತ್ರೆ ಹಿಡಿದ ಹೆಂಗಸರದ್ದು, ಅದರಡಿ ನಾನು ಬರೆದ ಮಾತು ನನಗೇ ಗೊತ್ತಿಲ್ಲದ್ದು, ಅದನ್ನು ಯಾರಿಗೆ ಕಳಿಸಿದ್ದೀಯೋ ಅವರಿಗೆಲ್ಲ ಹೇಳು ಎಂದೆ. ಆ ಕಡೆಯಿಂದ ಮಿಕ್ಸಿಯ ಸದ್ದು ನಿಂತಿತು.

"ಯಾವ್ ಫೋಟೊ ಮಾರಾಯ್ತಿ?" ಎಂದಳು. "ದಿನಕ್ಕೆ ಅಂಥದ್ ಎಷ್ಟ್ ಬತ್ತ್. ಅದೆಲ್ಲ ಯಾರಿಗ್ ನೆನ್ಪಿರತ್ತ್?"

ಟೀಚರಮ್ಮನ ದೋಸೆ ತಣ್ಣಗಾಗುತ್ತಿತ್ತು. ಅವರು ತಟ್ಟೆ ಬದಿಗೆ ಸರಿಸಿ, ಮುಂದಿನವರಿಗೆ ಮಾಡು ಎಂದರು. ನಾನು ಎರಡನೆಯ ನಂಬರು ಒತ್ತಿದೆ.